ಆರೂವರೆ ಲಕ್ಷ ಸಾಲ, 48 ಸಾವಿರ ಸಂಬಳ: ಸಾಲ ಸಲಹಾ ಕೇಂದ್ರಕ್ಕೆ ಹೋಗಿ ಪ್ರಯೋಜನ ಇದೆಯಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆಯವನು, ವಯಸ್ಸು 36, ಖಾಸಗಿ ಕಂಪನಿಯಲ್ಲಿ ಕೆಲಸ. ಕೈಗೆ 48,000 ಬರುತ್ತದೆ. ಎರಡು ಕ್ರೆಡಿಟ್ ಕಾರ್ಡ್‌ಗಳಲ್ಲಿ 1,60,000 ಮತ್ತು 55,000 ಬಾಕಿ ಇದೆ, ಮಿನಿಮಮ್ ಅಂತ 8,000 ಮತ್ತು 2,800 ಕಟ್ಟುತ್ತಿದ್ದೇನೆ. ಪರ್ಸನಲ್ ಲೋನ್ 3,10,000 ಉಳಿದಿದೆ, ಬಡ್ಡಿ 13%, ಇಎಂಐ 11,500, ಇನ್ನೂ 32 ತಿಂಗಳಿದೆ. ಮೊಬೈಲ್ ಆ್ಯಪ್‌ಗಳಲ್ಲಿ 30,000, ಅದಕ್ಕೆ ತಿಂಗಳಿಗೆ 6,000. ಊರಲ್ಲಿ ಪರಿಚಯದವರ ಹತ್ತಿರ 1 ಲಕ್ಷ ಕೈಸಾಲ, ನೂರಕ್ಕೆ 3 ರೂಪಾಯಿ ಬಡ್ಡಿ. ಎಲ್ಲಾ ಕಟ್ಟಿದ ಮೇಲೆ ಮನೆ ಖರ್ಚಿಗೆ ನಾಲ್ಕು ಸಾವಿರ ಕಡಿಮೆ ಬೀಳುತ್ತದೆ, ಅದಕ್ಕೆ ಮತ್ತೆ ಕಾರ್ಡನ್ನೇ ಉಜ್ಜುತ್ತೇನೆ. ಮನೆಯಲ್ಲಿ ಒಡವೆ ಇದೆ, ಆದರೆ ಹೆಂಡತಿಗೆ ಕಾರ್ಡ್ ಸಾಲದ ವಿಷಯ ಗೊತ್ತಿಲ್ಲ. ಒಂದು ಕಂಪನಿಯವರು ಫೋನ್ ಮಾಡಿ, ಇಎಂಐ ಕಟ್ಟೋದು ನಿಲ್ಲಿಸಿ, ನಮಗೆ ಫೀಸ್ ಕೊಡಿ, ಎಲ್ಲಾ ಸಾಲ ಅರ್ಧಕ್ಕೆ ಸೆಟಲ್ ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ಬ್ಯಾಂಕಿನವರೇ ನಡೆಸುವ ಸಾಲ ಸಲಹಾ ಕೇಂದ್ರ ಇದೆ ಅಂತಲೂ ಕೇಳಿದೆ. ಯಾವುದಕ್ಕೆ ಹೋಗಲಿ?

ಉತ್ತರ:

ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿ ಲೆಕ್ಕ ಸರಿಯಾಗಿ ಬರೆದಿದ್ದೀರಿ. ಇದು ಸಣ್ಣ ವಿಷಯ ಅಲ್ಲ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ, ನಿವೃತ್ತಿ ಆದ ಮೇಲೆ ಕೆಲವು ವರ್ಷ ಜಿಲ್ಲಾ ಕೇಂದ್ರವೊಂದರಲ್ಲಿ ಸಾಲ ಸಲಹೆಗೆ ಕೂತವಳು. ಅಲ್ಲಿಗೆ ಬರುತ್ತಿದ್ದವರಲ್ಲಿ ಮುಕ್ಕಾಲು ಜನಕ್ಕೆ ತಮಗೆ ಒಟ್ಟು ಎಷ್ಟು ಸಾಲ ಇದೆ ಅನ್ನೋದೇ ಗೊತ್ತಿರುತ್ತಿರಲಿಲ್ಲ. ಒಬ್ಬರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ತಂದು ಟೇಬಲ್ ಮೇಲೆ ಸುರಿದರು. ಒಳಗೆ ಬ್ಯಾಂಕಿನಿಂದ ಬಂದ ಪತ್ರಗಳು, ಒಂದನ್ನೂ ಒಡೆದಿಲ್ಲ, ಹನ್ನೊಂದು ತಿಂಗಳದ್ದು. ನಾನೂ ಅವರೂ ಕೂತು ಸ್ಕೇಲಿನಿಂದ ಒಂದೊಂದೇ ಲಕೋಟೆ ಒಡೆದು, ತಾರೀಕಿನ ಪ್ರಕಾರ ಜೋಡಿಸಿದೆವು. ಅವತ್ತು ಅಷ್ಟೇ ಆಗಿದ್ದು, ಬೇರೆ ಯಾವ ಸಲಹೆಯನ್ನೂ ಕೊಡಲಿಲ್ಲ. ಹೊರಡುವಾಗ ಅವರು, 'ಇಷ್ಟೇನಾ ಮೇಡಂ, ನಾನು ಇನ್ನೂ ಜಾಸ್ತಿ ಅಂದುಕೊಂಡಿದ್ದೆ' ಅಂದರು. ನೀವು ಆ ಹಂತ ದಾಟಿಯೇ ಬರೆದಿದ್ದೀರಿ.

ಈಗ ಕೇಂದ್ರದ ವಿಷಯ. ಹೌದು, ಅಂಥದ್ದು ಇದೆ. 2009ರಲ್ಲಿ ರಿಸರ್ವ್ ಬ್ಯಾಂಕ್ ಒಂದು ಮಾದರಿ ಯೋಜನೆ ಮಾಡಿ, ಜಿಲ್ಲೆಗಳಲ್ಲಿ ಹಣಕಾಸು ಸಾಕ್ಷರತೆ ಮತ್ತು ಸಾಲ ಸಲಹಾ ಕೇಂದ್ರ ತೆರೆಯಿರಿ ಅಂತ ಬ್ಯಾಂಕುಗಳಿಗೆ ಹೇಳಿತು. 2012ರಲ್ಲಿ ಹೆಸರು ಚಿಕ್ಕದಾಗಿ ಬರೀ 'ಹಣಕಾಸು ಸಾಕ್ಷರತಾ ಕೇಂದ್ರ' ಆಯಿತು. ಕೆನರಾ ಬ್ಯಾಂಕಿನವರ ಕೇಂದ್ರಕ್ಕೆ 'ಅಮೂಲ್ಯ' ಅಂತ ಹೆಸರು, ನೀವು ಬೋರ್ಡ್ ನೋಡಿರಬಹುದು. ಸಲಹೆ ಪೂರ್ತಿ ಉಚಿತ. ಮೂಲ ಯೋಜನೆಯಲ್ಲಿ ಇನ್ನೊಂದು ಒಳ್ಳೆಯ ನಿಯಮ ಇತ್ತು: ಕೇಂದ್ರ ಬ್ಯಾಂಕಿನಿಂದ ಸ್ವಲ್ಪ ದೂರ ಇರಬೇಕು, ಸಲಹೆಗಾರರು ವಸೂಲಿ ಮಾಡುವವರಾಗಬಾರದು, ಆ ಬ್ಯಾಂಕಿನ ಪಾಲಿಸಿ-ಠೇವಣಿ ಮಾರುವವರೂ ಆಗಬಾರದು.

ನಿಮ್ಮ ಜಿಲ್ಲೆಯ ಕೇಂದ್ರ ಎಲ್ಲಿದೆ ಅಂತ ಹುಡುಕಲು ಸುಲಭದ ದಾರಿ ಅಂದರೆ ಲೀಡ್ ಬ್ಯಾಂಕ್ ಕಚೇರಿ, ಅಂದರೆ ಜಿಲ್ಲೆಯ ಎಲ್ಲಾ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಬ್ಯಾಂಕಿನ ಕಚೇರಿ. ದಾವಣಗೆರೆಗೆ ಕೆನರಾ ಬ್ಯಾಂಕೇ ಲೀಡ್ ಬ್ಯಾಂಕ್. ಯಾವುದಾದರೂ ಕೆನರಾ ಶಾಖೆಗೆ ಹೋಗಿ 'ಎಲ್‌ಡಿಎಂ ಆಫೀಸ್ (ಲೀಡ್ ಬ್ಯಾಂಕಿನ ಜಿಲ್ಲಾ ಮ್ಯಾನೇಜರ್ ಕಚೇರಿ) ಎಲ್ಲಿ' ಅಂತ ಕೇಳಿ, ಹೇಳುತ್ತಾರೆ. ನಿಮ್ಮ ಸಾಲ ಬೇರೆ ಬ್ಯಾಂಕಿನದ್ದಾಗಿದ್ದರೂ ಪರವಾಗಿಲ್ಲ.

ಆದರೆ ನಿಮಗೆ ಸುಳ್ಳು ಆಸೆ ಹುಟ್ಟಿಸಲ್ಲ. ಅಮೆರಿಕದಂಥ ಕಡೆ ಸಾಲ ಸಲಹಾ ಸಂಸ್ಥೆಗಳು ನಿಮ್ಮಿಂದ ತಿಂಗಳಿಗೆ ಒಂದೇ ಮೊತ್ತ ಪಡೆದು, ತಾವೇ ಎಲ್ಲಾ ಕಾರ್ಡ್ ಕಂಪನಿಗಳಿಗೆ ಹಂಚುತ್ತವೆ, ಬಡ್ಡಿ ಕಮ್ಮಿ ಮಾಡಿಸುತ್ತವೆ. ನಮ್ಮ ಕೇಂದ್ರಗಳಿಗೆ ಆ ಕೈ ಇಲ್ಲ. ಈಗ ಅವರ ಹೆಚ್ಚಿನ ಸಮಯ ಹಳ್ಳಿಗಳಲ್ಲಿ ಶಿಬಿರ ಮಾಡೋದು, ಖಾತೆ ತೆರೆಸೋದು, ಯುಪಿಐ ಮೋಸದ ಬಗ್ಗೆ ಹೇಳೋದು, ಇದರಲ್ಲೇ ಹೋಗುತ್ತದೆ. ಸಲಹೆಗಾರರು ಸಾಮಾನ್ಯವಾಗಿ ನನ್ನಂಥ ನಿವೃತ್ತ ಬ್ಯಾಂಕಿನವರು, ಅವರು ಒಳ್ಳೆಯವರಾಗಿದ್ದರೆ ನಿಮ್ಮ ಅದೃಷ್ಟ, ಇಲ್ಲದಿದ್ದರೆ ಒಂದು ಕರಪತ್ರ ಕೊಟ್ಟು ಕಳಿಸುತ್ತಾರೆ. ಅವರು ಮಾಡಬಲ್ಲ ಕೆಲಸ ಮೂರು ತರದ್ದು. ಸಾಲಗಳನ್ನು ಒಂದೇ ಹಾಳೆಗೆ ತಂದು ಯಾವುದು ಮೊದಲು ಅಂತ ತೀರ್ಮಾನ ಮಾಡಿಸೋದು. ಬ್ಯಾಂಕಿಗೆ ಯಾವ ಭಾಷೆಯಲ್ಲಿ ಅರ್ಜಿ ಬರೆದರೆ ಅದು ಮುಂದಕ್ಕೆ ಹೋಗುತ್ತದೆ ಅಂತ ತಿಳಿಸಿ ಬರೆಸೋದು. ಬ್ಯಾಂಕಿನ ಯಾರ ಹತ್ತಿರ ಹೋಗಬೇಕು ಅಂತ ಹೇಳೋದು, ಕೆಲವೊಮ್ಮೆ ಅವರೇ ಫೋನ್ ಮಾಡೋದು. ಸಾಲ ಒಂದು ರೂಪಾಯಿಯೂ ಕಮ್ಮಿ ಆಗಲ್ಲ, ಆದರೆ ಬಡ್ಡಿಗೆ ಹೋಗುವ ದುಡ್ಡು ಅಸಲಿಗೆ ಹೋಗೋ ಹಾಗೆ ಮಾಡಬಹುದು. ನಿಮ್ಮ ಕೇಸಿನಲ್ಲಿ ಬೇಕಾಗಿರೋದು ಇದೇ.

ಆ ಹಾಳೆಯನ್ನು ಈಗಲೇ ಹಾಕೋಣ.

ತಿಂಗಳಿಗೆ ನೀವು ಕಟ್ಟುತ್ತಿರೋದು 31,300. ಮನೆಗೆ ಉಳಿಯೋದು 16,700. ದೊಡ್ಡ ಕಾರ್ಡ್ ಬಿಲ್ ತೆಗೆದು ಬಡ್ಡಿಯ ಸಾಲು ನೋಡಿ. ಸಾಮಾನ್ಯವಾಗಿ ತಿಂಗಳಿಗೆ 3ರಿಂದ 3.75% ಇರುತ್ತದೆ, 3.6% ಅಂತಿಟ್ಟುಕೊಳ್ಳೋಣ. 1,60,000ಕ್ಕೆ ಬಡ್ಡಿ 5,760. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅದು 1,037. ಒಟ್ಟು 6,797. ನೀವು ಕಟ್ಟಿದ್ದು 8,000. ಅಂದರೆ ಸಾಲ ಕರಗಿದ್ದು ಬರೀ 1,203 ರೂಪಾಯಿ. ಅದೇ ತಿಂಗಳು ದಿನಸಿಗೆ ಅಂತ ನಾಲ್ಕು ಸಾವಿರ ಅದೇ ಕಾರ್ಡಿಗೆ ಉಜ್ಜಿದ್ದೀರಿ. ಬಕೆಟ್ ತೂತಾಗಿದೆ, ನೀವು ಚೊಂಬಿನಲ್ಲಿ ನೀರು ಹಾಕ್ತಾ ಇದ್ದೀರಿ. ಇನ್ನೂ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ಹಳೆ ಬಾಕಿ ಇರುವಾಗ ಹೊಸದಾಗಿ ಕೊಂಡದ್ದಕ್ಕೆ ಆ ನಲವತ್ತು-ಐವತ್ತು ದಿನದ ಬಡ್ಡಿ ಇಲ್ಲದ ಅವಧಿ ಸಿಗಲ್ಲ. ಕೊಂಡ ದಿನದಿಂದಲೇ ಬಡ್ಡಿ ಶುರು.

ವರ್ಷಕ್ಕೆ ಲೆಕ್ಕ ಹಾಕಿದರೆ ಇದು 43%, ಜಿಎಸ್‌ಟಿ ಸೇರಿದರೆ 50% ದಾಟುತ್ತದೆ. ಊರಿನ ಕೈಸಾಲದ 'ನೂರಕ್ಕೆ 3' ಅಂದರೆ 36%. ಕೈಸಾಲ ಕೊಟ್ಟವರನ್ನು ಬಡ್ಡಿ ವ್ಯಾಪಾರಿ ಅಂತ ಬೈತೀವಿ, ಅದಕ್ಕಿಂತ ಜಾಸ್ತಿ ತಗೊಳ್ಳುವ ಕಾರ್ಡನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರ್ತೀವಿ, ಅಲ್ವಾ? ಕಾರ್ಡ್ ಬಡ್ಡಿಗೆ 30% ಮಿತಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಹೇಳಿತ್ತು ನಿಜ, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಎರಡೂ ಕಾರ್ಡ್ ಸೇರಿ 2,15,000. ಇವತ್ತಿನಿಂದ ಒಂದು ರೂಪಾಯಿಯೂ ಹೊಸದಾಗಿ ಉಜ್ಜದೆ, ಪ್ರತಿ ತಿಂಗಳು ಇದೇ 10,800 ತಪ್ಪದೆ ಕಟ್ಟಿದರೂ ತೀರೋದಕ್ಕೆ 45 ತಿಂಗಳು ಬೇಕು. ಹತ್ತಿರ ಹತ್ತಿರ ನಾಲ್ಕು ವರ್ಷ.

ಈಗ ಒಡವೆ. ಬ್ಯಾಂಕಿನಲ್ಲಿ ಚಿನ್ನದ ಸಾಲದ ಬಡ್ಡಿ ವರ್ಷಕ್ಕೆ 10%ದ ಆಸುಪಾಸು ಅಂತ ಇಟ್ಟುಕೊಳ್ಳಿ. 2,15,000 ಚಿನ್ನದ ಮೇಲೆ ತಂದು ಎರಡೂ ಕಾರ್ಡ್ ಒಂದೇ ಸಲ ತೀರಿಸಿದರೆ ತಿಂಗಳ ಬಡ್ಡಿ ಸುಮಾರು 1,800. ಕಾರ್ಡಿನಲ್ಲಿ ಅದು 9,100. ತಿಂಗಳಿಗೆ 7,000 ಕಟ್ಟಿದರೆ ಚಿನ್ನದ ಸಾಲ 36 ತಿಂಗಳಲ್ಲಿ ಮುಗಿಯುತ್ತದೆ. ಅದೇ 7,000 ಕಾರ್ಡಿಗೆ ಕಟ್ಟಿದರೆ ಬಡ್ಡಿಗೂ ಸಾಲದು, ಸಾಲ ಬೆಳೀತಾನೇ ಇರುತ್ತದೆ. ಮತ್ತೆ 10,800 ಬದಲು 7,000 ಅಂದರೆ ನಿಮಗೆ 3,800 ಉಳಿಯಿತು. ನೀವು ಪ್ರತಿ ತಿಂಗಳು ಕಾರ್ಡಿಗೆ ಹಾಕುತ್ತಿದ್ದ ಆ ನಾಲ್ಕು ಸಾವಿರದ ತೂತು ಅಲ್ಲಿಗೆ ಮುಚ್ಚಿತು.

ಆದರೆ ಇದನ್ನು ಮಾಡೋದಕ್ಕೆ ಮುಂಚೆ ಮನೆಯವರಿಗೆ ಹೇಳಲೇಬೇಕು. ಒಡವೆ ಅವರದ್ದು. ಅವರಿಗೆ ಗೊತ್ತಿಲ್ಲದೆ ಬೀರುವಿನಿಂದ ತೆಗೆದು ಅಡ ಇಟ್ಟರೆ, ಸಾಲ ತೀರಿದರೂ ಅದು ತೀರಲ್ಲ. ನನ್ನ ಅನುಭವದಲ್ಲಿ ಹೆಂಡತಿಗೆ ಹೇಳಲು ಹೆದರಿದ ಗಂಡಸರು ಎಷ್ಟೋ ಜನ ಬಂದಿದ್ದಾರೆ. ಎರಡನೇ ಸಲ ಬರುವಾಗ ಜೊತೆಗೆ ಕರಕೊಂಡು ಬನ್ನಿ ಅನ್ನುತ್ತಿದ್ದೆ. ಬಂದ ಹೆಣ್ಣುಮಕ್ಕಳು ಮೊದಲ ಹತ್ತು ನಿಮಿಷ ಮಾತಾಡ್ತಾ ಇರಲಿಲ್ಲ. ಆಮೇಲೆ ಆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, 'ಈ ಟಿವಿ ಪ್ಯಾಕೇಜು ಯಾಕೆ ಬೇಕು, ಈ ಚೀಟಿ ಮುಂದಿನ ತಿಂಗಳು ಎತ್ತಬಹುದಲ್ವಾ' ಅಂತ ಶುರು ಮಾಡುತ್ತಿದ್ದರು. ನಮಗೆ ಹೊಳೆಯದ ದಾರಿ ಅವರಿಗೆ ಹೊಳೆಯುತ್ತಿತ್ತು. ಹೇಳುವಾಗ ಅರ್ಧ ಹೇಳಬೇಡಿ. ಒಟ್ಟು 6,55,000 ಅಂತ ಒಂದೇ ಸಲ ಹೇಳಿ. ಕಂತು ಕಂತಾಗಿ ಹೇಳಿದರೆ ಪ್ರತಿ ಸಲವೂ ಹೊಸ ಪೆಟ್ಟು.

ಅಡ ಇಡುವಾಗ ಎರಡು ಎಚ್ಚರ. ಒಂದು, ಎಷ್ಟೋ ಚಿನ್ನದ ಸಾಲಗಳು 'ವರ್ಷದ ಕೊನೆಗೆ ಒಂದೇ ಸಲ ಬಡ್ಡಿ ಸಮೇತ ಕಟ್ಟಿ' ಅನ್ನುವ ತರದವು. ಅದು ನಿಮಗೆ ಬೇಡ, ತಿಂಗಳ ಕಂತಿನದ್ದೇ ಕೇಳಿ. ಕಟ್ಟದೆ ಬಿಟ್ಟರೆ ಹರಾಜು, ಅದು ಗೊತ್ತಿದ್ದೇ. ಎರಡು, ಕಾರ್ಡ್ ತೀರಿಸಿದ ದಿನವೇ ಚಿಕ್ಕ ಕಾರ್ಡನ್ನು ಮುಚ್ಚಲು ಬರೆದುಕೊಡಿ, ದೊಡ್ಡದರ ಮಿತಿಯನ್ನು 20,000ಕ್ಕೆ ಇಳಿಸಲು ಹೇಳಿ. ಬಾಕಿ ಇಲ್ಲದ ಕಾರ್ಡ್ ಮುಚ್ಚಲು ಬ್ಯಾಂಕಿಗೆ 7 ಕೆಲಸದ ದಿನ ಅಷ್ಟೇ ಅವಕಾಶ. ಆಮೇಲೂ ಎಳೆದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಇದನ್ನು ಮಾಡದೆ ಬಿಟ್ಟವರು ಒಂದೂವರೆ ವರ್ಷದಲ್ಲಿ ಮತ್ತೆ ಬಂದದ್ದನ್ನು ನೋಡಿದ್ದೇನೆ, ಆಗ ಕಾರ್ಡೂ ತುಂಬಿರುತ್ತದೆ, ಒಡವೆಯೂ ಅಡದಲ್ಲಿರುತ್ತದೆ.

ಮನೆಯವರು ಒಡವೆ ಬೇಡ ಅಂದರೆ? ಅದು ಅವರ ಹಕ್ಕು, ಬಲವಂತ ಬೇಡ. ಆಗ ಕಾರ್ಡ್ ಬ್ಯಾಂಕಿಗೇ ಫೋನ್ ಮಾಡಿ, ಪೂರ್ತಿ ಬಾಕಿಯನ್ನು ಇಎಂಐಗೆ ಬದಲಿಸಿ ಅಂತ ಕೇಳಿ. ಬಡ್ಡಿ ಚಿನ್ನದ ಸಾಲಕ್ಕಿಂತ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಈಗಿನದಕ್ಕಿಂತ ತುಂಬಾ ಕಮ್ಮಿ ಇರುತ್ತದೆ. ಎಲ್‌ಐಸಿ ಪಾಲಿಸಿ ಹಳೆಯದಿದ್ದರೆ ಅದರ ಮೇಲೂ ಸಾಲ ಸಿಗುತ್ತದೆ. ಪರ್ಸನಲ್ ಲೋನಿನವರಿಗೆ ಅವಧಿ ಹೆಚ್ಚಿಸಿ ಅಂತ ಅರ್ಜಿ ಹಾಕಬಹುದು, 32 ತಿಂಗಳನ್ನು 48 ಮಾಡಿದರೆ ಇಎಂಐ 11,500ರಿಂದ 8,300ಕ್ಕೆ ಬರುತ್ತದೆ. ಆದರೆ ಹಾಗೆ ಬದಲಿಸಿದ್ದು ನಿಮ್ಮ ಕ್ರೆಡಿಟ್ ವರದಿಯಲ್ಲಿ ದಾಖಲಾಗಬಹುದು, ಒಟ್ಟು ಬಡ್ಡಿಯೂ ಜಾಸ್ತಿ ಬೀಳುತ್ತದೆ. ಕೊನೆಯ ಆಯ್ಕೆ ಅದು. ಕೇಳೋದೇ ಆದರೆ ಕಂತು ತಪ್ಪುವ ಮುಂಚೆ ಕೇಳಬೇಕು. 90 ದಿನ ತಪ್ಪಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಆಮೇಲೆ ನಿಮ್ಮ ಕಡತ ವಸೂಲಿ ವಿಭಾಗಕ್ಕೆ ಹೋಗುತ್ತದೆ, ಶಾಖೆಯ ಮ್ಯಾನೇಜರ್ ಕೈಯಲ್ಲಿ ಏನೂ ಉಳಿಯಲ್ಲ. ನಾನು ಮ್ಯಾನೇಜರ್ ಆಗಿದ್ದಾಗ ಕಂತು ತಪ್ಪುವ ಮುಂಚೆ ಬಂದು ಕಷ್ಟ ಹೇಳಿಕೊಂಡವರು ಕೈಬೆರಳಲ್ಲಿ ಎಣಿಸುವಷ್ಟು. ಅವರಿಗೆ ಏನಾದರೂ ಒಂದು ದಾರಿ ಮಾಡಿಕೊಟ್ಟಿದ್ದೇನೆ. ಜೊತೆಗೆ ತಪ್ಪೂ ಒಪ್ಪಿಕೊಳ್ಳುತ್ತೇನೆ: ಟಾರ್ಗೆಟ್ ಮುಟ್ಟಲು, ಸಾಲ ಕಟ್ಟಲು ಒದ್ದಾಡುತ್ತಿದ್ದವರಿಗೂ ಟಾಪ್-ಅಪ್ ಲೋನ್ (ಇರುವ ಸಾಲದ ಮೇಲೆ ಇನ್ನಷ್ಟು ಸಾಲ) ಮಾಡಿಕೊಟ್ಟವಳು ನಾನೇ. ನಿಮಗೂ ಈಗ ಅಂಥ ಫೋನ್ ಬರುತ್ತಿರುತ್ತದೆ. ಎತ್ತಬೇಡಿ.

ಆ್ಯಪ್ ಸಾಲ ಮೊತ್ತದಲ್ಲಿ ಚಿಕ್ಕದು, ತಲೆನೋವಿನಲ್ಲಿ ದೊಡ್ಡದು. ಮೊದಲು ಆ ಆ್ಯಪ್‌ನ ಹಿಂದೆ ಇರುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ಯಾವುದು ನೋಡಿ. 2025ರ ಜುಲೈನಿಂದ ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಅಂಥ ಆ್ಯಪ್‌ಗಳ ಪಟ್ಟಿ ಹಾಕಿದೆ. ಪಟ್ಟಿಯಲ್ಲಿ ಇದ್ದರೆ ನಿಯಮಿತವಾಗಿ ಕಟ್ಟಿ ಮುಗಿಸಿ, ಐದಾರು ತಿಂಗಳ ಮಾತು. ಇಲ್ಲದಿದ್ದರೆ, ಫೋಟೋ ತಿರುಚಿ ನೆಂಟರಿಗೆ ಕಳಿಸುತ್ತೇವೆ ಅಂತ ಬೆದರಿಸಿದರೆ, ಸ್ಕ್ರೀನ್‌ಶಾಟ್ ಇಟ್ಟುಕೊಂಡು 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಒಂದು ಆ್ಯಪ್ ತೀರಿಸಲು ಇನ್ನೊಂದು ಆ್ಯಪ್ ಮಾತ್ರ ಬೇಡ. ಇವರ ಟೋಪಿ ಅವರಿಗೆ ಹಾಕೋ ಆಟ ಶುರುವಾಗೋದೇ ಅಲ್ಲಿಂದ.

ಕೈಸಾಲಕ್ಕೆ ಬರೋಣ. ತಿಂಗಳಿಗೆ 3,000 ಬಡ್ಡಿ, ಅಸಲು ಅಲ್ಲೇ ಕೂತಿದೆ. ಆರು ತಿಂಗಳಿಗೆ ಆ್ಯಪ್ ಸಾಲ ಮುಗಿಯಿತು ಅಂದರೆ ಆ 6,000 ಕೈಗೆ ಬಂತು. ಅದನ್ನು ಖರ್ಚಿಗೆ ಬಿಡದೆ ಈ 3,000ದ ಜೊತೆ ಸೇರಿಸಿ 9,000 ಕೊಡಿ. 14 ತಿಂಗಳಲ್ಲಿ ಕೈಸಾಲ ಚುಕ್ತಾ. ಆಮೇಲೆ ಆ 9,000ವನ್ನು ಚಿನ್ನದ ಸಾಲಕ್ಕೆ ತಿರುಗಿಸಿ, ಆಗ ಅದು 36 ತಿಂಗಳು ಅಲ್ಲ, ಹೆಚ್ಚುಕಡಿಮೆ 27ನೇ ತಿಂಗಳಿಗೇ ಮುಗಿದು ಒಡವೆ ಮನೆಗೆ ಬರುತ್ತದೆ. ಪರ್ಸನಲ್ ಲೋನ್ ಮಾತ್ರ ಐದು ಕಂತು ಉಳಿದಿರುತ್ತದೆ. ಗಮನಿಸಿ, ಎಲ್ಲಕ್ಕಿಂತ ದೊಡ್ಡ ಸಾಲ ಅದೇ, ಆದರೆ ಕೊನೆಗೆ ತೀರೋದೂ ಅದೇ. ಜನ ಇದನ್ನೇ ಉಲ್ಟಾ ಮಾಡೋದು. ಬೋನಸ್ ಬಂತು ಅಂದ ಕೂಡಲೇ ಮೂರು ಲಕ್ಷದ ಲೋನಿಗೆ ಕಟ್ಟುತ್ತಾರೆ, 13%ದ್ದನ್ನು ಕರಗಿಸಿ 50%ದ್ದನ್ನು ಹಾಗೇ ಬಿಟ್ಟಿರುತ್ತಾರೆ.

ಸಾಲ ಕೊಟ್ಟವರ ಜೊತೆ ಕೂತು, ಇಂಥ ತಿಂಗಳಿಂದ ಅಸಲೂ ಕೊಡುತ್ತೇನೆ, ಬಡ್ಡಿ 2ಕ್ಕೆ ಇಳಿಸಿ ಅಂತ ಕೇಳಿ ನೋಡಿ. ಅಸಲು ವಾಪಸ್ ಬರುತ್ತದೆ ಅಂದರೆ ಎಷ್ಟೋ ಜನ ಒಪ್ಪುತ್ತಾರೆ. ಕೊಟ್ಟದ್ದಕ್ಕೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಸಹಿ ಇರಲಿ, ಆದಷ್ಟೂ ಯುಪಿಐನಲ್ಲೇ ಕಳಿಸಿ. ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದರೆ ತೀರಿದ ದಿನವೇ ವಾಪಸ್ ಪಡೆಯಿರಿ, ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸ್. ಕಿರುಕುಳ ಕೊಟ್ಟು ವಸೂಲಿ ಮಾಡುವವರ ವಿರುದ್ಧ ನಮ್ಮ ರಾಜ್ಯದಲ್ಲಿ 2025ರಲ್ಲಿ ಹೊಸ ಕಾನೂನು ಬಂದಿದೆ, 10 ವರ್ಷದವರೆಗೆ ಜೈಲು ಇದೆ. ಆದರೆ ಕಷ್ಟಕ್ಕೆ ಕೊಟ್ಟ ಪರಿಚಯದವರ ಮೇಲೆ ಅದನ್ನು ಎತ್ತುವ ಅಗತ್ಯ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ.

ಈ ದೀಪಾವಳಿ ಬೋನಸ್ ಬಂದರೆ ಸಾಲಕ್ಕೆ ಹಾಕಬೇಡಿ ಅಂತ ಹೇಳುತ್ತೇನೆ, ಆಶ್ಚರ್ಯ ಆಗಬಹುದು. 15,000 ಬೇರೆ ಖಾತೆಯಲ್ಲಿ ಇಡಿ. ಮಗುವಿಗೆ ಜ್ವರ ಬಂದರೆ, ಬೈಕ್ ಕೆಟ್ಟರೆ, ಕೈ ಮತ್ತೆ ಕಾರ್ಡಿನ ಕಡೆ ಹೋಗಬಾರದಲ್ಲ.

ಫೋನ್ ಮಾಡುವ ವಸೂಲಿಯವರ ಬಗ್ಗೆ ನೀವು ಕೇಳಿಲ್ಲ, ಆದರೂ ತಿಳಿದಿರಲಿ. ಬ್ಯಾಂಕಿನ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ, ನಿಮ್ಮ ನೆಂಟರ, ಸ್ನೇಹಿತರ ಮುಂದೆ ಮಾನ ಕಳೆಯುವಂತಿಲ್ಲ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಮಿತಿ ಮೀರಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೂ ದುಡ್ಡಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳಿಕೊಡುತ್ತಾರೆ.

ಕೇಂದ್ರಕ್ಕೆ ಹೋಗುವ ದಿನ ತಗೊಂಡು ಹೋಗಬೇಕಾದ್ದು: ಮೂರು ತಿಂಗಳ ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಎರಡೂ ಕಾರ್ಡಿನ ಇತ್ತೀಚಿನ ಬಿಲ್, ಲೋನ್ ಪತ್ರ. ಜೊತೆಗೆ ಕ್ರೆಡಿಟ್ ವರದಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಸುಮ್ನೆ ದುಡ್ಡು ಕೊಟ್ಟು ತಗೋಬೇಡಿ. ತೀರಿಸಿದ್ದೇನೆ ಅಂದುಕೊಂಡ ಹಳೆಯ ಸಾಲ ಅದರಲ್ಲಿ ಇನ್ನೂ ಬಾಕಿ ಅಂತ ಕೂತಿರೋದೂ ಉಂಟು. ಹೋದ ಮೇಲೆ ಸಲಹೆಗಾರರನ್ನು ನೇರವಾಗಿ ಕೇಳಿ: 'ಕಾರ್ಡ್ ಬಾಕಿಯನ್ನು ಕಂತಿಗೆ ಬದಲಿಸಲು ಅರ್ಜಿ ಬರೆಸಿಕೊಡುತ್ತೀರಾ, ಯಾರ ಹೆಸರಿಗೆ ಕಳಿಸಬೇಕು?' ಹೀಗೆ ಕೇಳಿದರೆ ಕರಪತ್ರ ಕೊಟ್ಟು ಕಳಿಸೋಕೆ ಅವರಿಗೂ ಆಗಲ್ಲ.

ಇನ್ನು ಆ ಸೆಟಲ್‌ಮೆಂಟ್ ಕಂಪನಿ. ಅರ್ಧಕ್ಕೆ ಸೆಟಲ್ ಮಾಡೋದು ಸುಳ್ಳಲ್ಲ, ಬ್ಯಾಂಕುಗಳು ಒಪ್ಪುತ್ತವೆ. ಆದರೆ ಯಾವಾಗ? ಕೆಲಸ ಹೋಗಿ, ಕಾಯಿಲೆ ಬಿದ್ದು, ಇವರಿಂದ ಇನ್ನು ಬರಲ್ಲ ಅಂತ ಅವರಿಗೆ ಖಾತ್ರಿ ಆದಾಗ. ಅದಕ್ಕೇ ಇವರು ಇಎಂಐ ನಿಲ್ಲಿಸಿ ಅನ್ನೋದು, ನಿಮ್ಮನ್ನು ಆ ಸ್ಥಿತಿಗೆ ತರಲು. ಆ ತಿಂಗಳುಗಳಲ್ಲಿ ಬಡ್ಡಿ, ದಂಡ, ಮನೆ ಬಾಗಿಲಿಗೆ ಏಜೆಂಟರು, ಲೀಗಲ್ ನೋಟಿಸ್, ಎಲ್ಲಾ ನಿಮ್ಮ ಪಾಲಿಗೆ, ಫೀಸ್ ಅವರ ಪಾಲಿಗೆ. ಆಟೋ ಡೆಬಿಟ್ ಬೌನ್ಸ್ ಆದರೂ ಚೆಕ್ ಬೌನ್ಸ್ ಹಾಗೇ ಕೇಸ್ ಹಾಕಬಹುದು ಅನ್ನೋದನ್ನು ಅವರು ಹೇಳಲ್ಲ. ಕೊನೆಗೆ ವರದಿಯಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬೀಳುತ್ತದೆ, ವರ್ಷಗಟ್ಟಲೆ ಇರುತ್ತದೆ, ನಾಳೆ ಮನೆ ಸಾಲಕ್ಕೆ ಹೋದರೆ ಮೊದಲು ಕಾಣೋದು ಅದೇ. ನಿಮಗೆ ಕೆಲಸ ಇದೆ, ಸಂಬಳ ಬರ್ತಾ ಇದೆ, ಇವತ್ತಿನವರೆಗೆ ಒಂದು ಕಂತೂ ತಪ್ಪಿದ ಹಾಗೆ ಕಾಣಲ್ಲ. ನಿಮಗೆ ಅದು ಬೇಡ. ಮುಂದೆ ಯಾವತ್ತಾದರೂ ನಿಜವಾಗಿ ಬೇಕಾದರೆ ಬ್ಯಾಂಕಿಗೆ ನೀವೇ ಬರೆದು ಕೇಳಬಹುದು, ಲೋಕ ಅದಾಲತ್‌ನಲ್ಲೂ ಆಗುತ್ತದೆ, ಮಧ್ಯದಲ್ಲಿ ಯಾರಿಗೂ ದುಡ್ಡು ಕೊಡಬೇಕಿಲ್ಲ. ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಮೊತ್ತ ಬರೆದ ಪತ್ರ ಕೈಗೆ ಬರುವವರೆಗೆ ಮಾತ್ರ ಒಂದು ರೂಪಾಯಿಯನ್ನೂ ಕಟ್ಟಬೇಡಿ, ಕಟ್ಟುವಾಗಲೂ ನಿಮ್ಮ ಸಾಲದ ಖಾತೆಗೇ ಕಟ್ಟಿ.

ಅವರು ಮತ್ತೆ ಫೋನ್ ಮಾಡಿ 'ಇವತ್ತೇ ಕೊನೆ, ನಾಳೆ ಆಫರ್ ಇರಲ್ಲ ಸರ್' ಅಂದರೆ, ಆಗಲಿ ಅಂತ ಹೇಳಿ ಇಟ್ಟುಬಿಡಿ. ಫೀಸ್ ಈಗಾಗಲೇ ಕಟ್ಟಿದ್ದರೆ ರಸೀದಿ ಎಸೆಯಬೇಡಿ, ಎಷ್ಟು ಕಟ್ಟಿದಿರಿ, ಯಾವುದಕ್ಕೆ ಸಹಿ ಹಾಕಿದಿರಿ ಅಂತ ಇನ್ನೊಂದು ಪತ್ರ ಬರೆಯಿರಿ. ಅದನ್ನು ವಾಪಸ್ ಪಡೆಯುವ ದಾರಿ ಬೇರೆ, ಗ್ರಾಹಕ ಆಯೋಗದ್ದು, ಆಗ ಅದರ ಬಗ್ಗೆ ಹೇಳುತ್ತೇನೆ.